ಪಟ್ಟಿಯಲ್ಲಿ ಇಲ್ಲದ ಸಂಬಂಧ

"ಅವರು ನಿಮಗೆ ಏನಾಗಬೇಕು?"

ಮೇಜಿನ ಆ ಬದಿಯಿಂದ ಬಂದ ಪ್ರಶ್ನೆಗೆ ಗುಬ್ಬಿ ಕುರ್ಚಿಯಲ್ಲೇ ಸೆಟೆದು ಕುಳಿತಳು.

"ದೊಡ್ಡಮ್ಮ."

"ತಾಯಿಯ ಅಕ್ಕನಾ? ಇಲ್ಲಾ ತಂದೆಯ ಅಣ್ಣನ ಹೆಂಡತಿನಾ?"

"ಎರಡೂ ಅಲ್ಲ."

ಆದಾಯ ತೆರಿಗೆ ಕಚೇರಿಯ ಆ ಪುಟ್ಟ ಕೋಣೆಯಲ್ಲಿ ಫ್ಯಾನು ಕಿರುಗುಟ್ಟುತ್ತಿತ್ತು. ಎದುರಿಗಿದ್ದ ಅಧಿಕಾರಿ ಪೆನ್ನು ಕೆಳಗಿಟ್ಟು ತಲೆಯೆತ್ತಿದ. ವಯಸ್ಸು ಹೆಚ್ಚೇನಿಲ್ಲ, ಅವಳಿಗಿಂತ ಸ್ವಲ್ಪ ದೊಡ್ಡವನಿರಬಹುದು. ಮುಖದಲ್ಲಿ ಸಿಟ್ಟಿರಲಿಲ್ಲ, ಸೊಕ್ಕೂ ಇರಲಿಲ್ಲ. ಅದೇ ಅವಳನ್ನು ಇನ್ನಷ್ಟು ಕೆರಳಿಸಿತು!

"ಅಂದ್ರೆ... ರಕ್ತಸಂಬಂಧ ಇಲ್ಲ ಅಂತಾಯ್ತು?"

"ನಾನು ನಾಲ್ಕು ವರ್ಷದವಳಿದ್ದಾಗ ಅಮ್ಮ ತೀರಿಕೊಂಡ್ರು. ಅಪ್ಪ ಅದಕ್ಕೂ ಮೊದಲೇ ಹೋಗಿದ್ರು. ಅಮ್ಮನ ಜೊತೆ ಒಂದೇ ಮನೇಲಿ ಬಾಡಿಗೆಗಿದ್ದ ಗೆಳತಿ ಅವರು. ಆವತ್ತಿಂದ ನನ್ನ ತಲೆ ಬಾಚಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತಿದ್ದು, ಕೆಲಸ ಕಲಿಸಿದ್ದು ಎಲ್ಲಾ ಅವರೇ. ರಕ್ತಪರೀಕ್ಷೆ ಮಾಡಿಸ್ಬೇಕು ಅಂತ ನಮಗೆ ಹೊಳೀಲೇ ಇಲ್ಲ ಸರ್!"

ಅವಳ ಪರವಾಗಿ ಬಂದು ಪಕ್ಕದಲ್ಲಿ ಕೂತಿದ್ದ ಆಡಿಟರ್ ಮೆಲ್ಲಗೆ ಕೆಮ್ಮಿದರು. ಸ್ವಲ್ಪ ತಡ್ಕೊಳ್ಳಮ್ಮಾ ಎಂಬ ಕೆಮ್ಮು ಅದು.

ವಿಷಯ ಇಷ್ಟೇ. ದೊಡ್ಡಮ್ಮನದೊಂದು ಕನ್ನಡಕದ ಅಂಗಡಿ, ಅದರ ಮೇಲೆ ವಾಸದ ಎರಡು ಕೋಣೆ. ಕೈ ನಡುಗಲು ಶುರುವಾದಾಗ ದೊಡ್ಡಮ್ಮ ಅಂಗಡಿ, ಮನೆ ಎಲ್ಲವನ್ನೂ ಗುಬ್ಬಿಯ ಹೆಸರಿಗೆ ಬರೆದುಕೊಟ್ಟಿದ್ದರು. ಸಂಬಂಧಿಕರು ಕೊಟ್ಟ ಉಡುಗೊರೆಗೆ ತೆರಿಗೆ ಇಲ್ಲ. ಹೊರಗಿನವರು ಕೊಟ್ಟರೆ ಅದು ಆದಾಯ! ಸಂಬಂಧಿಕರು ಯಾರು ಯಾರು ಎಂದು ಕಾನೂನಿನಲ್ಲೇ ಒಂದು ಪಟ್ಟಿ ಇದೆ. ಸಾಕಿದವರು ಆ ಪಟ್ಟಿಯಲ್ಲಿ ಇಲ್ಲ. ತೆರಿಗೆ ಬಿದ್ದರೆ ಅದನ್ನು ಕಟ್ಟಲು ಅಂಗಡಿಯನ್ನೇ ಮಾರಬೇಕು.

"ನಾನು ಒಂದ್ಸಲ ಬಂದು ವಿಚಾರಿಸ್ಬೇಕಾಗುತ್ತೆ," ಎಂದ ಅಧಿಕಾರಿ.

'ಬಾ... ಬಂದು ನೋಡು. ಆಗಲಾದರೂ ಗೊತ್ತಾಗುತ್ತೆ,' ಎಂದುಕೊಂಡಳು ಗುಬ್ಬಿ.

ಮುಂದಿನ ವಾರವೇ ಅವನು ಬಂದ. ಬರುವ ಮೊದಲು ಅಕ್ಕಪಕ್ಕದ ಅಂಗಡಿಗಳಲ್ಲಿ ಕೇಳಿದ್ದ, ಗುಬ್ಬಿ ಓದಿದ ಶಾಲೆಗೂ ಹೋಗಿದ್ದನಂತೆ. ದೊಡ್ಡಮ್ಮ ಅವನನ್ನು ಗಿರಾಕಿಗಳ ಕುರ್ಚಿಯಲ್ಲಿ ಕೂರಿಸಿ ಮೇಲಿಂದ ಕೆಳಗೆ ನೋಡಿದರು.

"ತೆರಿಗೆಯವರು ಅಂದ್ರೆ ಜನ ಗಡಗಡ ನಡುಗ್ತಾರೆ. ನಿನ್ನ ನೋಡಿದ್ರೆ ದಾರಿ ತಪ್ಪಿ ಬಂದವನ ಥರ ಇದ್ದೀಯಲ್ಲಪ್ಪಾ! ಟೀ ತರಿಸ್ಲಾ?"

"ಬೇಡಮ್ಮ, ವಿಚಾರಣೆಗೆ ಬಂದಾಗ ಏನೂ ತಗೋಬಾರದು. ಒಂದು ಲೋಟ ನೀರು ಸಾಕು."

"ನೀರಿಗೂ ರಸೀದಿ ಬರೀಬೇಕೇನೋ!"

ಅವನು ನಕ್ಕುಬಿಟ್ಟ. ಒಳಕೋಣೆಯಲ್ಲಿ ಗಾಜು ಉಜ್ಜುವ ಮಿಷನ್ ಮುಂದೆ ಕೂತಿದ್ದ ಗುಬ್ಬಿಯೂ ತುಟಿ ಕಚ್ಚಿ ನಗು ತಡೆದಳು. ಆ ನಗು ಎಷ್ಟು ಚೆನ್ನಾಗಿದೆ... ಛೇ, ಇದೇನು ಯೋಚನೆ ನನ್ನದು!

ಸ್ವಲ್ಪ ಹೊತ್ತಿನ ಮೇಲೆ ಅವನ ದನಿ ತಗ್ಗಿತು. "ಕೇಳ್ಬಾರದು, ಆದ್ರೂ ಕೇಳಲೇಬೇಕು. ಅವರನ್ನ ನೀವು ದತ್ತು ಯಾಕೆ ತಗೊಳ್ಳಲಿಲ್ಲ? ಆಗ ಈ ತೊಂದರೆನೇ ಇರ್ತಿರಲಿಲ್ಲ."

ದೊಡ್ಡಮ್ಮ ತಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು.

"ದತ್ತು ತಗೊಂಡ್ರೆ ತಾಯಿ ಅಂತ ನನ್ನ ಹೆಸರು ಬರುತ್ತೆ ಅಂದ್ರು. ಅವಳಮ್ಮನದು ಅಂತ ಆ ಮಗುಗೆ ಉಳಿದಿದ್ದು ಅದೊಂದು ಹೆಸರೇ ತಾನೇ? ಅದನ್ನೂ ಕಿತ್ಕೊಳ್ಳೋಕೆ ಮನಸ್ಸು ಬರ್ಲಿಲ್ಲ ಕಣಪ್ಪಾ. ನನಗೇನು, ದೊಡ್ಡಮ್ಮ ಅಂತ ಕರೀತಿದ್ಲಲ್ಲ... ಸಾಕಾಗಿತ್ತು."

ಮಿಷನ್ ಸದ್ದು ನಿಂತುಹೋಯಿತು. ಗುಬ್ಬಿ ಬಾಗಿಲಲ್ಲಿ ಬಂದು ನಿಂತಿದ್ದಳು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಈ ಮಾತು ಅವಳಿಗೆ ತಿಳಿದಿರಲಿಲ್ಲ! ಕಣ್ಣು ತುಂಬಿ ಬಂತು. ಅಧಿಕಾರಿ ಒಮ್ಮೆ ಅವಳನ್ನು ನೋಡಿ, ಬರೆಯುವುದನ್ನು ಬಿಟ್ಟು ಕಿಟಕಿಯ ಕಡೆ ತಿರುಗಿಕೊಂಡ. ಅವಳು ಕಣ್ಣೊರೆಸಿಕೊಳ್ಳುವವರೆಗೂ ಈ ಕಡೆ ತಿರುಗಲಿಲ್ಲ.

ಹೊರಡುವಾಗ ಮೆಟ್ಟಿಲ ಬಳಿ ನಿಂತು, "ನೀವು ಪುಣ್ಯವಂತರು," ಎಂದಷ್ಟೇ ಗುಬ್ಬಿಗೆ ಹೇಳಿದ.

ಆ ಒಂದು ಮಾತು ಅವಳ ಮನಸ್ಸಿನಲ್ಲಿ ಬೇರೂರಿತು. ಗಿರಾಕಿಗಳ ಜೊತೆ ಮಾತಾಡುವಾಗಲೂ, ಊಟಕ್ಕೆ ಕೂತಾಗಲೂ ಅದೇ ದನಿ. 'ಇವನು ಅನ್ಯಾಯ ಮಾಡುವವನಲ್ಲ...'

ಆದರೆ ಆದೇಶ ಬಂತು. ತೆರಿಗೆ ಕಟ್ಟಲೇಬೇಕಂತೆ!

ಆಡಿಟರ್ ಫೋನಿನಲ್ಲಿ ಹೇಳಿದ್ದನ್ನು ಗುಬ್ಬಿ ದೊಡ್ಡಮ್ಮನಿಗೆ ತಿಳಿಸಿದಳು. ದೊಡ್ಡಮ್ಮ ಅಳಲಿಲ್ಲ. ಕನ್ನಡಕ ಒರೆಸುವ ಬಟ್ಟೆಯನ್ನು ಮಡಚುತ್ತಾ, ಬಿಡಿಸುತ್ತಾ, ಮತ್ತೆ ಮಡಚುತ್ತಾ ಕೂತರು.

"ಹಾಗಾದ್ರೆ ನಾನು ಹೊರಗಿನವಳು, ಅಲ್ವೇನೇ?"

ಆ ಮಾತು ಕೇಳಿ ಗುಬ್ಬಿಗೆ ತಡೆಯಲಾಗಲಿಲ್ಲ. ನೇರ ಅವನ ಕಚೇರಿಗೆ ನುಗ್ಗಿದಳು.

"ನಮ್ಮ ಮನೇಲಿ ನಕ್ಕಿರಿ, ಒಳ್ಳೆ ಮಾತಾಡಿದಿರಿ... ಎಲ್ಲಾ ನಾಟಕನಾ? ವಯಸ್ಸಾದವರ ಬಾಯಿ ಬಿಡಿಸೋಕಾ?"

ಅವನು ಎದ್ದು ನಿಂತ. "ಪಟ್ಟಿಗೆ ಒಂದು ಪದ ಸೇರಿಸೋ ಅಧಿಕಾರ ನನಗಿಲ್ಲ. ಆದ್ರೆ ಅದರಲ್ಲಿರೋ ಪದದ ಅರ್ಥ ಬಿಡಿಸಿ ಹೇಳೋ ಅಧಿಕಾರ ನ್ಯಾಯಮಂಡಳಿಗಿದೆ. ಮೇಲ್ಮನವಿ ಹಾಕಿ. ದಯವಿಟ್ಟು ಹಾಕಿ."

"ಹಾಕ್ತೀವಿ. ಅದಕ್ಕೂ ನಿಮ್ಮ ಅಪ್ಪಣೆ ಬೇಕಾ? ಇನ್ಮೇಲೆ ನಿಮ್ಮ ಮುಖ ನೋಡೋ ಹಾಗೆ ಆಗದಿದ್ರೆ ಸಾಕು!"

ಅವನು ಬಾಯಿ ತೆರೆಯುವ ಮೊದಲೇ ಅವಳು ಹೊರಟುಹೋದಳು.

ಮೇಲ್ಮನವಿ ಹಾಕಿದ ಮೇಲೆ ತಿಂಗಳುಗಳು ಉರುಳಿದವು. ಒಂದು ಸಂಜೆ ರಸ್ತೆಯ ಆಚೆ ಬದಿಯಲ್ಲಿ ಅವನು ಕಂಡ. ಅವಳನ್ನು ನೋಡಿದ. ನೋಡಿ... ಮುಖ ತಿರುಗಿಸಿಕೊಂಡು ಬಿರಬಿರನೆ ನಡೆದುಹೋದ! ನಾನೇ ಬೇಡವೆಂದಿದ್ದೆ, ನಿಜ. ಆದರೂ ಎದೆಯಲ್ಲಿ ಏನೋ ಚುಚ್ಚಿತು. ಯಾಕೆ? ಅವನು ನನಗೆ ಯಾರು?

ನ್ಯಾಯಮಂಡಳಿಯ ವಿಚಾರಣೆಯ ದಿನ ದೊಡ್ಡಮ್ಮ ಹಟ ಹಿಡಿದು ಜೊತೆಗೆ ಬಂದರು. ಎತ್ತರದ ಪೀಠದಲ್ಲಿದ್ದ ಹಿರಿಯ ಸದಸ್ಯೆ ಕಡತದ ಹಾಳೆಗಳನ್ನು ತಿರುವಿ ಇಲಾಖೆಯ ವಕೀಲರನ್ನು ಕೇಳಿದರು:

"ಈಕೆ ಹೇಳಿದ ಸಂಗತಿಗಳಲ್ಲಿ ನಿಮ್ಮ ತಕರಾರು ಏನಾದರೂ ಇದೆಯಾ?"

"ಇಲ್ಲ ಮೇಡಂ. ನಮ್ಮ ಅಧಿಕಾರಿಯೇ ಎಲ್ಲಾ ವಿಚಾರಿಸಿ, ಇದೆಲ್ಲ ನಿಜ ಅಂತ ಬರೆದಿದ್ದಾರೆ."

"ಅದನ್ನೇ ನೋಡ್ತಿದ್ದೆ. ಶಾಲೆಯವರ ಮಾತು, ನೆರೆಯವರ ಮಾತು, ದತ್ತು ಯಾಕೆ ತಗೊಳ್ಳಲಿಲ್ಲ ಅನ್ನೋದು... ಒಂದೂ ಬಿಟ್ಟಿಲ್ಲ. ಪಟ್ಟಿಯಲ್ಲಿರೋ 'ತಾಯಿ' ಅನ್ನೋ ಪದದ ಅರ್ಥ ತೀರ್ಮಾನಿಸುವುದು ತನ್ನ ಮಿತಿ ಮೀರಿದ್ದು, ಮೇಲಿನವರು ಪರಿಶೀಲಿಸಬೇಕು ಅಂತಾನೂ ಬರೆದಿದ್ದಾರೆ. ತನ್ನ ಆದೇಶಕ್ಕೇ ವಿರುದ್ಧವಾಗೋದನ್ನೂ ಇಷ್ಟು ಪ್ರಾಮಾಣಿಕವಾಗಿ ಬರೆಯೋರು ಕಡಿಮೆ."

ಆದೇಶದಲ್ಲಿ ಕೊನೆಯ ಸಾಲೊಂದನ್ನು ಬಿಟ್ಟು ಗುಬ್ಬಿ ಏನನ್ನೂ ಓದಿರಲಿಲ್ಲ! ಅಯ್ಯೋ... ಏನೆಲ್ಲ ಅಂದುಬಿಟ್ಟೆ!

ತೀರ್ಪು ಅವರ ಪರವಾಗಿ ಬಂತು. ಮಗುವನ್ನು ಚಿಕ್ಕಂದಿನಿಂದ ತಾಯಿಯಂತೆ ಸಾಕಿದವರು ಈ ಕಾನೂನಿನ ಮಟ್ಟಿಗೆ ತಾಯಿಯೇ ಎಂದು ಸದಸ್ಯೆ ಓದಿದಾಗ ದೊಡ್ಡಮ್ಮ ನಡುಗುವ ಕೈಯಲ್ಲಿ ಗುಬ್ಬಿಯ ಕೈ ಹಿಡಿದುಕೊಂಡರು. ಮರುದಿನ ಪತ್ರಿಕೆಗಳಲ್ಲೂ ಸುದ್ದಿ ಬಂತು. ಅಂಗಡಿಗೆ ಬಂದವರೆಲ್ಲ ಅದೇ ಮಾತಾಡಿದರು. ಬರಬೇಕಾದವನು ಮಾತ್ರ ಬರಲಿಲ್ಲ.

ಗುಬ್ಬಿ ಕ್ಷಮೆ ಕೇಳಲು ಕಚೇರಿಗೆ ಹೋದಳು. ಅವನಿಗೆ ಬೇರೆ ವಿಭಾಗಕ್ಕೆ ವರ್ಗವಾಗಿತ್ತು. ಹೇಳಿ ಕಳಿಸಿದರೂ ಉತ್ತರವಿಲ್ಲ.

"ಬಾಗಿಲು ನೋಡಿ ನೋಡಿ ಕತ್ತು ನೋಯುತ್ತೆ ಕಣೇ," ಎಂದು ದೊಡ್ಡಮ್ಮ ರೇಗಿಸಿದರು.

"ನಾನೇನು ಬಾಗಿಲು ನೋಡ್ತಿಲ್ಲ!"

"ಹೌದು, ಗೋಡೆ ನೋಡ್ತಿದ್ದೀಯ. ಅದು ಬಾಗಿಲ ಪಕ್ಕದಲ್ಲೇ ಇದೆ ಅಷ್ಟೆ."

ಹೀಗೇ ಇರುವಾಗ ಒಂದು ಮಧ್ಯಾಹ್ನ ಅವನೇ ಬಂದ. ಗುಬ್ಬಿ ಕೈಯಲ್ಲಿದ್ದ ಗಾಜನ್ನು ಕೆಳಗಿಟ್ಟು ಎದ್ದು ನಿಂತಳು.

"ಕಣ್ಣು ಪರೀಕ್ಷೆ ಮಾಡಿಸ್ಕೋಬೇಕಿತ್ತು," ಎಂದ ಅವನು.

ಅವಳು ಅವನನ್ನು ಕೂರಿಸಿ, ಪರೀಕ್ಷೆಯ ಫ್ರೇಮು ತೊಡಿಸಿ, ಗಾಜು ಬದಲಿಸಿದಳು. "ಕೊನೇ ಸಾಲು ಓದಿ."

ಅವನು ಗಡಗಡನೆ ಓದಿದ.

"ಕಣ್ಣು ಸರಿಯಾಗೇ ಇದೆಯಲ್ರೀ. ಕನ್ನಡಕ ಬೇಕಾಗಿಲ್ಲ ನಿಮಗೆ."

"ಗೊತ್ತು."

"ಮತ್ಯಾಕೆ ಬಂದ್ರಿ?"

"ಇಲಾಖೆ ಈ ಕೇಸನ್ನ ಮುಂದಕ್ಕೆ ಒಯ್ಯಲ್ಲ ಅಂತ ನಿನ್ನೆ ತೀರ್ಮಾನ ಆಯ್ತು. ಅಲ್ಲೀವರೆಗೂ ನಿಮ್ಮ ಜೊತೆ ಮಾತಾಡಿದ್ರೆ ತಪ್ಪಾಗ್ತಿತ್ತು. ನಾನು ಬರೆದಿದ್ದಕ್ಕೆ ಬೆಲೆನೇ ಇರ್ತಿರಲಿಲ್ಲ... ನಿಮಗೇ ನಷ್ಟ."

"ಅದಕ್ಕೇನಾ ರಸ್ತೇಲಿ ಮುಖ ತಿರುಗಿಸಿಕೊಂಡು ಹೋಗಿದ್ದು?"

"ತಿರುಗಿಸದಿದ್ರೆ ನಿಂತುಬಿಡ್ತಿದ್ದೆ."

ಗುಬ್ಬಿಗೆ ನಗುವೂ ಅಳುವೂ ಒಟ್ಟಿಗೇ ಬಂತು. "ನಾನು ಬಾಯಿಗೆ ಬಂದ ಹಾಗೆ ಬೈದೆ. ಕ್ಷಮಿಸಿ."

"ಬೈದಿದ್ದು ನ್ಯಾಯವಾಗೇ ಇತ್ತು. ಆ ಜಾಗದಲ್ಲಿ ನಾನಿದ್ರೂ ಬೈತಿದ್ದೆ." ಅವನು ಫ್ರೇಮಿನ ದಪ್ಪ ಗಾಜಿನ ಹಿಂದಿನಿಂದಲೇ ಅವಳನ್ನು ನೋಡಿದ. "ನೀವಂದ್ರೆ ನನಗೆ ತುಂಬಾ ಇಷ್ಟ. ಈ ಮಾತನ್ನ ಇಷ್ಟು ದಿನ ಹೊತ್ಕೊಂಡು ಓಡಾಡಿ ಸಾಕಾಗಿದೆ."

ಅವಳು ಮೆಲ್ಲಗೆ ಫ್ರೇಮು ತೆಗೆದಳು. ಬೆರಳು ಅವನ ಕೆನ್ನೆಗೆ ತಾಗಿತು. ಹಿಂದಕ್ಕೆ ತೆಗೆದುಕೊಳ್ಳಲು ಮನಸ್ಸಾಗಲಿಲ್ಲ.

"ನನಗೂ..." ಎಂದಳು, ಅವಳಿಗೇ ಕೇಳಿಸದಷ್ಟು ಮೆಲ್ಲಗೆ. "ಆದ್ರೆ ದೊಡ್ಡಮ್ಮನ್ನ ಬಿಟ್ಟು ನಾನೆಲ್ಲೂ ಬರೋಲ್ಲ."

"ಬನ್ನಿ ಅಂತ ಯಾರಂದ್ರು? ಮೇಲೆ ನನಗೊಂಚೂರು ಜಾಗ ಇದೆಯಾ ಅಂತ ಕೇಳೋಕೆ ಬಂದೆ."

"ಇಕ್ಕಟ್ಟು."

"ಪರವಾಗಿಲ್ಲ."

"ದೊಡ್ಡಮ್ಮ ಗೊರಕೆ ಹೊಡೀತಾರೆ."

"ಯಾರೇ ಗೊರಕೆ ಹೊಡೆಯೋದು!" ಮಹಡಿಯ ಮೆಟ್ಟಿಲಿನಿಂದ ದನಿ ಬಂತು.

ಇಬ್ಬರೂ ನಕ್ಕರು. ಗುಬ್ಬಿ ಅವನ ಕೈ ಹಿಡಿದುಕೊಂಡಳು. "ಬನ್ನಿ, ಅವರನ್ನೇ ಕೇಳೋಣ."

"ಈಗಲೇನಾ?"

"ಈಗಲೇ. ಇಷ್ಟು ದಿನ ಕಾಯಿಸಿದ್ದು ಸಾಲ್ದಾ?"