ಅವ್ವನ ಇಳಿಜಾರು

"ಇದ ಒಡುದ್ರೆ ನಮ್ಮವ್ವ ಒರಗ ಬರಾದೆಂಗ ಮೇಡಂ?"

ಶಿವಮಲ್ಲುವಿನ ದನಿ ಏರಿರಲಿಲ್ಲ. ಕಣ್ಣು ಮಾತ್ರ ಕೆಂಪಗಿತ್ತು. ಅಳತೆ ಟೇಪು ಹಿಡಿದಿದ್ದ ಪರಿಮಳಳ ಕೈ ಅಲ್ಲೇ ನಿಂತಿತು.

ಗೆಟ್ಟವಾಡಿ ಪಕ್ಕದ ಹೊಸ ಬಡಾವಣೆಯ ನಿವಾಸಿಗಳ ಸಂಘದಲ್ಲಿ ದೂರು ನೋಡುವುದು ಅವಳ ಕೆಲಸ. ಮನೆ ಮುಂದಿನ ಜಾಗದಲ್ಲಿ ಏನೂ ಕಟ್ಟಬಾರದೆಂದು ಎಲ್ಲರ ಕ್ರಯಪತ್ರದಲ್ಲೂ ಇತ್ತು. ಶಿವಮಲ್ಲು ಅಲ್ಲಿ ಸಿಮೆಂಟಿನ ಇಳಿಜಾರು ಕಟ್ಟಿದ್ದ. ಪಕ್ಕದ ಮನೆಯವರು ದೂರು ಕೊಟ್ಟಿದ್ದರು.

ಬಾಗಿಲಲ್ಲಿ ಗಾಲಿಕುರ್ಚಿಯ ಮೇಲೆ ಕೂತಿದ್ದ ಅವನ ತಾಯಿ ದೊಡ್ಡತಾಯಮ್ಮ ನಕ್ಕರು. "ಬುಡ್ಲಾ ಮಗ, ಆ ಮಗೀನ ಮ್ಯಾಲ ಯಾಕ ರೇಗೀಯ? ಕಾಫಿ ಕುಡ್ದು ಓಗವ್ವ."

ಅಯ್ಯೋ... ಇದನ್ನ ನಾನು ಒಡೆಸಬೇಕಾ? ಎನಿಸಿತು ಪರಿಮಳಳಿಗೆ.

"ಸಂಘದವ್ರ ಕೇಳ್ತೀನಿ. ಅಲ್ಲೀಗಂಟ ಯಾರೂ ಇದ ಮುಟ್ಟಕಿಲ್ಲ," ಎಂದುಬಿಟ್ಟಳು.

ಸಂಘ ಇವತ್ತು ನಾಳೆ ಎಂದು ತಳ್ಳುತ್ತಲೇ ಹೋಯಿತು. ಸಂಜೆಯಾದರೆ ಅವಳ ಕಾಲು ತಾನಾಗೇ ಆ ಮನೆಯತ್ತ ತಿರುಗುತ್ತಿತ್ತು. ಅವನು ತಾಯಿಯ ತಲೆ ಬಾಚುವುದನ್ನು ನೋಡುತ್ತ ಕೂರುವಳು. ಅವನು ತಿರುಗಿದರೆ ಕಣ್ಣು ತಗ್ಗಿಸುವಳು. ಒಳಗೊಳಗೇ ಅಳುಕು... ಸಂಘ ಒಪ್ಪದಿದ್ದರೆ?

ಒಂದು ಬೆಳಗ್ಗೆ ಶಿವಮಲ್ಲುವಿನ ಫೋನ್ ಬಂತು.

"ಒಡ್ಯಾಕ ಆರೆ ತಕ್ಕೊಂಡು ಆಳ್ಗೋಳು ಬಂದವ್ರ. ನಂಬ್ಸಿ ಇಂಗ ಮಾಡ್ಬುಟ್ಯಲ್ಲ ಪರಿಮಳ..."

ಫೋನ್ ಕಟ್ ಆಯಿತು.

ಸಂಘದ ಅಧ್ಯಕ್ಷ ಮಲ್ಲಪ್ಪ ಅವಳಿಗೂ ಹೇಳದೆ ಆಳು ಕಳಿಸಿದ್ದರು. ಸ್ಕೂಟಿ ಎಷ್ಟು ಓಡಿಸಿದರೂ ದಾರಿ ಮುಗಿಯಲೊಲ್ಲದು. ಪೂರ್ತಿ ಒಡೆದುಬಿಟ್ಟಿದ್ದರೆ? ಅವನು ಇನ್ನು ಮುಖವನ್ನೇ ನೋಡದಿದ್ದರೆ?

ಒಂದು ಅಂಚು ಆಗಲೇ ಹೋಗಿತ್ತು. ಪರಿಮಳ ಸೀದಾ ಹೋಗಿ ಇಳಿಜಾರಿನ ಮೇಲೆ ಕೂತುಬಿಟ್ಟಳು. ಆಳುಗಳು ಹಿಂದೆ ಸರಿದರು. ಅಲ್ಲಿಂದಲೇ ಮಲ್ಲಪ್ಪನವರಿಗೆ ಫೋನ್ ಮಾಡಿದಳು.

"ಸಾರ್, ಸಭೆ ಇಲ್ಲೇ ಸೇರ್ಸಿ. ಅಲ್ಲೀಗಂಟ ನಾ ಏಳಕಿಲ್ಲ. ಕೆಲ್ಸದಿಂದ ತಗುದ್ರೂ ಸರಿ."

ಮಧ್ಯಾಹ್ನದ ಹೊತ್ತಿಗೆ ಸಂಘದವರು ಬಂದರು. ಮಲ್ಲಪ್ಪನವರ ಮುಖ ಗಂಟಿಕ್ಕಿತ್ತು. "ಒಬ್ರಿಗ ಬುಟ್ರೆ ನಾಳೆ ಎಲ್ಲಾರೂ ಕಟ್ಕತಾರ ಕಣಮ್ಮ."

"ನಡಿಯಾಕ ಆಗ್ದವ್ರಿಗ ಮಾತ್ರ ಅಂತ ತೀರ್ಮಾನ ಮಾಡಿ ಸಾರ್."

ದೂರು ಕೊಟ್ಟಿದ್ದ ಪಕ್ಕದ ಮನೆಯ ಪ್ರಕಾಶನೇ ಬಾಯಿಬಿಟ್ಟ. "ಅಂಗಡಿ ಮಾಡಕ ಕಟ್ತಾವ್ರ ಅಂತ ನಾ ಅನ್ಕಂಡಿದ್ದಿ. ಇರ್ಲಿ ಬುಡಿ."

ಮಲ್ಲಪ್ಪ ನಿಟ್ಟುಸಿರಿಟ್ಟು ಸರಿ ಎಂಬಂತೆ ತಲೆಯಾಡಿಸಿದರು.

ಎಲ್ಲರೂ ಹೋದ ಮೇಲೆ ಶಿವಮಲ್ಲು ಅವಳ ಪಕ್ಕ ಬಂದು ಕೂತ.

"ನಾ ನಿನ್ನೇ ಅನುಮಾನಿಸ್ಬುಟ್ಟಿ... ತಪ್ಪಾಯ್ತು."

"ಕೆಲ್ಸ ಓದ್ರ ಓಗ್ಲಿ ಅಂತ ನಾ ಅನ್ಕಂಡಿ. ನೀವು ಫೋನ್ ಕಟ್ ಮಾಡ್ದಾಗ್ಲೇ ಭಯ ಆದ್ದು."

"ಯಾತರ ಭಯ?"

"ನಿಮ್ಮ ಕಳ್ಕತೀನಿ ಅಂತ."

ಅವನು ಅವಳ ಧೂಳಾದ ಕೈ ಹಿಡಿದುಕೊಂಡ. ಬಹಳ ಹೊತ್ತು ಬಿಡಲಿಲ್ಲ.

"ನಾಳೆ ನಿಮ್ಮನೇಗ ಬಂದು ನಿನ್ನ ಕೊಡಿ ಅಂತ ಕೇಳ್ಲಾ, ಪರಿಮಳ?"

"ಅವ್ವನ್ನೂ ಕರ್ಕಬನ್ನಿ," ಅವಳ ಕಣ್ಣು ತುಂಬಿತ್ತು. "ನಮ್ಮನೇಲಿ ಮೆಟ್ಲು ಅವ. ಕುರ್ಚಿ ಒಂದ್ಕಡ ನೀವು ಇಡ್ಕಳಿ, ಒಂದ್ಕಡ ನಾ ಇಡ್ಕತೀನಿ."