ಏಳು ಬಾಗಿಲಿನ ಋತುಮಂದಿರ

ಬಹಳ ಹಿಂದೆ, ಕಡಲಿನ ಜೀವಿಗಳಿಗೆ ಮನುಷ್ಯರ ಮಾತು ಬರುತ್ತಿದ್ದ ಕಾಲದಲ್ಲಿ, ಪಡುವಣ ದಂಡೆಯ ಮೇಲೆ ಶಂಖಾವತಿ ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಅರಮನೆಗಿಂತ ಎತ್ತರದಲ್ಲಿ, ಬಂಡೆಯ ನೆತ್ತಿಯ ಮೇಲೆ, ಒಂದು ಮನೆಯಿತ್ತು. ಅದರ ಹೆಸರು ಋತುಮಂದಿರ. ಅದಕ್ಕೆ ಏಳು ಬಾಗಿಲು. ಒಂದೊಂದು ಬಾಗಿಲಲ್ಲಿ ಒಬ್ಬೊಬ್ಬ ನೋಟಗಾರರು, ಒಬ್ಬರಿಗೊಬ್ಬರು ಬೆನ್ನು ಹಾಕಿ, ಕಡಲನ್ನೂ ಮುಗಿಲನ್ನೂ ಗಾಳಿಯನ್ನೂ ನೋಡುತ್ತ ಕೂರುತ್ತಿದ್ದರು.

ಮಳೆಗಾಲ ಕಳೆದು ದೋಣಿಗಳು ನೀರಿಗಿಳಿಯುವ ಹಬ್ಬ ಹತ್ತಿರವಾದಾಗ ಅವರು ತಮ್ಮ ಮಾತನ್ನು ಹೇಳಬೇಕು. ಚಂಡಮಾರುತ ಬರುತ್ತದೆ ಎನ್ನುವವರು ಹಿತ್ತಾಳೆಯ ಕೊಡದೊಳಗೆ ಕರಿಯ ಚಿಪ್ಪು ಹಾಕುತ್ತಿದ್ದರು. ಬಾರದು ಎನ್ನುವವರು ಬಿಳಿಯ ಚಿಪ್ಪು. ಚಿಪ್ಪು ಹಾಕುವ ಮೊದಲು ಒಬ್ಬರೊಡನೊಬ್ಬರು ಮಾತಾಡಕೂಡದು. ಪಕ್ಕದವರ ಕೈಯನ್ನು ಇಣುಕಿ ನೋಡಿದವರಿಗೆ ಅಂದಿನ ಊಟದಲ್ಲಿ ಉಪ್ಪಿಲ್ಲ. ಆಮೇಲೆ ಡಂಗುರದವನು ಬೀದಿ ಬೀದಿಯಲ್ಲಿ ಸಾರುತ್ತಿದ್ದ: “ಏಳರಲ್ಲಿ ಎರಡು ಕರಿ! ಕೇಳಿರಪ್ಪೋ ಕೇಳಿ, ಏಳರಲ್ಲಿ ಎರಡು!” ಅದನ್ನು ಕೇಳಿ ಜನ ತಮ್ಮ ತಮ್ಮ ಲೆಕ್ಕ ಹಾಕಿಕೊಂಡು ದೂರ ಹೋಗುತ್ತಿದ್ದರು, ಇಲ್ಲವೆ ದಂಡೆಯ ಹತ್ತಿರವೇ ಬಲೆ ಬೀಸುತ್ತಿದ್ದರು.

ರಾಜಕುಮಾರಿ ಹೈಮವತಿ ಬೆಳೆದದ್ದು ಆ ಮನೆಯಲ್ಲಿ. ಮೂಡಣ ಬಾಗಿಲಲ್ಲಿ ಕೂರುತ್ತಿದ್ದವಳು ಅವಳ ಸೋದರತ್ತೆ ಅಚ್ಯುತಾಂಬೆ. ಅತ್ತೆಯ ಸೀರೆಯ ನೆರಿಗೆ ಗಾಳಿಗೂ ಕದಲುತ್ತಿರಲಿಲ್ಲ. “ನೆಟ್ಟಗೆ ಕೂರು ಮಗು. ಗೋಡೆಗೆ ಒರಗಿದರೆ ಗೋಡೆಯ ಅಭಿಪ್ರಾಯವೇ ನಿನ್ನದಾಗುತ್ತದೆ,” ಎನ್ನುತ್ತಿದ್ದಳು. “ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳು. ಆದರೆ ತಲೆ ತಗ್ಗಿಸಿ ಹೇಳಬೇಡ.” ಮುಂದೆ ಘಟ್ಟದಾಚೆಯ ಒಣನಾಡಿಗೆ ಮದುವೆಯಾಗಿ ಹೋದ ಮೇಲೆ, ಹೈಮವತಿಗೆ ತವರಿನ ಅರಮನೆ ಅಷ್ಟಾಗಿ ನೆನಪಾಗಲಿಲ್ಲ. ನೆನಪಾಗುತ್ತಿದ್ದುದು ಋತುಮಂದಿರದ ನೆಲಕ್ಕೆ ಮೆತ್ತಿದ ಉಪ್ಪಿನ ವಾಸನೆ, ಚಿಪ್ಪು ಹಾಕುವ ದಿನ ಮಕ್ಕಳಿಗೆ ಕೊಡುತ್ತಿದ್ದ ಬೆಲ್ಲ ಬೆರೆಸಿದ ಹುರಿಗಡಲೆ, ಚಿಪ್ಪು ಬಿದ್ದಾಗ ಕೊಡದೊಳಗಿಂದ ಬರುತ್ತಿದ್ದ ಟಣ್ ಎಂಬ ಸದ್ದು.

ವರ್ಷಗಳು ಕಳೆದವು. ತಂದೆ ತೀರಿಕೊಂಡು ತಮ್ಮ ಚಿತ್ರಸೇನ ಪಟ್ಟಕ್ಕೆ ಬಂದ. ಒಂದು ಸಲ ಕಡಲಹಬ್ಬಕ್ಕೆಂದು ಹೈಮವತಿ ತವರಿಗೆ ಬಂದಳು. ಬಂದವಳು ಅರಮನೆಗೂ ಹೋಗದೆ ಬಂಡೆ ಹತ್ತಿದಳು. ನೋಡುತ್ತಾಳೆ, ಆರು ಬಾಗಿಲು ಮುಚ್ಚಿವೆ. ತೆರೆದ ಒಂದೇ ಬಾಗಿಲಿನಲ್ಲಿ ಏಳೂ ನೋಟಗಾರರು ಒತ್ತೊತ್ತಾಗಿ ಕುಳಿತು ನಗುತ್ತಿದ್ದಾರೆ.

“ಅತ್ತೆ, ಈ ಸಲ ಕಡಲು ಹೇಗಿದೆ?”

“ಚೆನ್ನಾಗಿದೆ,” ಎಂದರು ಏಳು ಜನರೂ ಒಂದೇ ದನಿಯಲ್ಲಿ.

“ನಾನು ಅತ್ತೆಯನ್ನು ಕೇಳಿದೆ.”

“ಚೆನ್ನಾಗಿದೆ,” ಎಂದರು ಏಳು ಜನರೂ. ಅಚ್ಯುತಾಂಬೆ ಗೋಡೆಗೆ ಒರಗಿ ಕುಳಿತಿದ್ದಳು.

ಹೈಮವತಿ ತಮ್ಮನ ಬಳಿಗೆ ಹೋದಳು. ಚಿತ್ರಸೇನ ನಕ್ಕ. “ಅಕ್ಕ, ನೀನು ದೂರದಲ್ಲಿದ್ದೆ, ನಿನಗೆ ಗೊತ್ತಿಲ್ಲ. ಜನಕ್ಕೆ ಬೇಸರ ಬಂದುಬಿಟ್ಟಿತ್ತು. ‘ಏಳರಲ್ಲಿ ನಾಲ್ಕು ಅಂದರೆ ಬಲೆ ಬೀಸಲೋ ಮಡಚಲೋ, ಒಂದು ಮಾತು ಹೇಳಿ ಸ್ವಾಮಿ’ ಎಂದು ನನ್ನ ಮುಂದೆ ನಿಂತು ಜಗಳವಾಡುತ್ತಿದ್ದರು. ಆಗ ಮೋಹಾಕ್ಷ ಎಂಬವನೊಬ್ಬ ಬಂದ. ಅವನ ಕನ್ನಡಿ ನಾಳೆಯನ್ನು ತೋರಿಸಿ ಒಂದೇ ಮಾತು ಹೇಳುತ್ತದೆ. ಕಳೆದ ಎರಡು ವರ್ಷವೂ ಅದು ಹೇಳಿದಂತೆ ಕಡಲು ಶಾಂತವಾಗಿತ್ತು.”

“ಕಡಲು ಶಾಂತವಾಗಿತ್ತು ಸರಿ. ಅದು ಕನ್ನಡಿಯ ಮಾತು ಕೇಳಿಯೇ ಶಾಂತವಾಯಿತೇನು? ನೋಟಗಾರರಿಗೆ ಏನು ಮಾಡಿದ ಅವನು?”

“ಏನೂ ಇಲ್ಲ. ಒಂದೇ ಬಟ್ಟಲಿನಿಂದ ಎಲ್ಲರಿಗೂ ಜೇನು ತಿನ್ನಿಸಿದ. ಅಂದಿನಿಂದ ಅವರಲ್ಲಿ ಜಗಳವೇ ಇಲ್ಲ. ಒಳ್ಳೆಯದಲ್ಲವೆ? ಹಬ್ಬದ ದಿನ ಮೊದಲ ದೋಣಿಯಲ್ಲಿ ನಾನೇ ಹೊರಡುತ್ತೇನೆ. ಊರಿನ ದೋಣಿಗಳೆಲ್ಲ ನನ್ನ ಹಿಂದೆ, ದೂರದ ಹವಳದ ದಿಬ್ಬದವರೆಗೆ.”

ದೋಣಿಗಳೆಲ್ಲ! ಮೋಹಾಕ್ಷ ಮಾಂತ್ರಿಕನೆಂಬುದು ಹೈಮವತಿಗೆ ಆಗಲೇ ತಿಳಿಯಿತು. ಆದರೆ ಅವನ ಕನ್ನಡಿ ಸುಳ್ಳೆಂದು ಹೇಳಬೇಕಾದರೆ ಕಡಲಿನ ನಿಜ ಅವಳಿಗೆ ಗೊತ್ತಿರಬೇಕು. ಆಮೆಯನ್ನು ಕೇಳು, ಹಕ್ಕಿಯನ್ನು ಕೇಳು, ಹಾವನ್ನು ಕೇಳು, ಮೂವರನ್ನೂ ಕೇಳದೆ ಬಾಯಿ ತೆರೆಯಬೇಡ ಎಂದು ಅತ್ತೆ ಕಲಿಸಿದ್ದಳು. ಹೈಮವತಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ದಂಡೆಗೆ ನಡೆದಳು.

ದಂಡೆಯಾಚೆ ನಡುಗಡ್ಡೆಯಷ್ಟು ದೊಡ್ಡ ಆಮೆ ತೇಲುತ್ತಿತ್ತು. ಕಡಲಿನ ಕಾವೆಲ್ಲ ಅದರ ಬೆನ್ನಿನಲ್ಲಿ ಕೂಡುತ್ತಿತ್ತು. ಆಮೆ ಕೇಳಿತು: “ಹೆಣ್ಣೆ, ಚಂಡಮಾರುತ ಬರುತ್ತದೆಯೋ ಇಲ್ಲವೋ? ಸುಳ್ಳು ಹೇಳಿದರೆ ಮುಳುಗಿಸುತ್ತೇನೆ.”

ಹೈಮವತಿ ಅದರ ಬೆನ್ನಿನ ಮೇಲೆ ಅಂಗೈ ಇಟ್ಟಳು. ಚುರ್ ಎಂದಿತು. “ನಿನ್ನ ಬೆನ್ನು ಒಲೆಯ ಮೇಲಿನ ಹೆಂಚಿನಂತಿದೆ. ಚಂಡಮಾರುತ ಉಣ್ಣುವುದು ಈ ಕಾವನ್ನೇ. ಊಟ ಸಿದ್ಧವಾಗಿದೆ. ಉಣ್ಣುವವನು ಬರುತ್ತಾನೋ ಇಲ್ಲವೋ, ನನಗೆ ಗೊತ್ತಿಲ್ಲ.”

“ಸರಿಯಾಗಿ ಹೇಳಿದೆ,” ಎಂದಿತು ಆಮೆ. ಅವಳನ್ನು ಹೊತ್ತು, ನಡುಗಡಲಿನಿಂದ ಮುಗಿಲಿನವರೆಗೆ ಎದ್ದು ನಿಂತ ಗಾಳಿಗಂಬದ ಬುಡಕ್ಕೆ ಮುಟ್ಟಿಸಿತು.

ಗಾಳಿಗಂಬದ ಮೇಲೆ ಗಂಡಭೇರುಂಡ ಕುಳಿತಿತ್ತು. ಅದರ ಒಂದು ತಲೆ ಕೆಳಗಾಳಿಯಲ್ಲಿ, ಇನ್ನೊಂದು ತಲೆ ಮೇಲುಗಾಳಿಯಲ್ಲಿ. ಎರಡು ತಲೆಗಳೂ ಕೇಳಿದವು: “ಹೆಣ್ಣೆ, ಚಂಡಮಾರುತ ಬರುತ್ತದೆಯೋ ಇಲ್ಲವೋ? ಸುಳ್ಳು ಹೇಳಿದರೆ ಸೀಳುತ್ತೇವೆ.”

ಹೈಮವತಿ ಎರಡು ಕೊರಳುಗಳ ಗರಿಯನ್ನೂ ನೋಡಿದಳು. “ನೀವಿಬ್ಬರೂ ಬೇರೆ ಬೇರೆ ದಿಕ್ಕಿಗೆ ಎಳೆದಾಡಿದರೆ ಚಂಡಮಾರುತದ ತಲೆ ಒಂದು ಕಡೆ, ಮೈ ಒಂದು ಕಡೆ ಹರಿದುಹೋಗುತ್ತದೆ. ಇಂದು ಇಬ್ಬರ ಗರಿಯೂ ಒಂದೇ ದಿಕ್ಕಿಗೆ ಮಲಗಿದೆ. ಬಂದರೆ ಅದನ್ನು ಹರಿಯುವವರಿಲ್ಲ. ಬರುತ್ತದೆಯೋ, ನನಗೆ ಗೊತ್ತಿಲ್ಲ.”

“ಸರಿಯಾಗಿ ಹೇಳಿದೆ,” ಎಂದಿತು ಒಂದು ತಲೆ. “ಈ ಕಾಲದಲ್ಲಿ ಹೀಗೆ ಹೇಳುವವರೇ ಇಲ್ಲವಾಗಿದ್ದಾರೆ,” ಎಂದಿತು ಇನ್ನೊಂದು. ಆ ಹಕ್ಕಿ ಅವಳನ್ನು ಹೊತ್ತು ಮೂಡಣದ ಕೊನೆಯ ಕಡಲಿಗೆ ಹಾರಿತು.

ಅಲ್ಲಿ ಮಹಾಸರ್ಪ ಮಲಗಿತ್ತು. ಕೆಲವು ವರ್ಷಗಳಿಗೊಮ್ಮೆ ಅದು ನಿದ್ದೆಯಲ್ಲಿ ಮಗ್ಗುಲು ಬದಲಿಸುತ್ತಿತ್ತು. ಅದು ಅಲ್ಲಿ ಮಗ್ಗುಲು ಬದಲಿಸಿದರೆ ಇಲ್ಲಿ ಮಳೆ ಹಾದಿ ಬದಲಿಸುತ್ತಿತ್ತು. ಸರ್ಪ ಒಂದು ಕಣ್ಣು ತೆರೆದು ಕೇಳಿತು: “ಹೆಣ್ಣೆ, ಚಂಡಮಾರುತ ಬರುತ್ತದೆಯೋ ಇಲ್ಲವೋ? ಸುಳ್ಳು ಹೇಳಿದರೆ ನುಂಗುತ್ತೇನೆ.”

ಸರ್ಪದ ಎಡ ಮಗ್ಗುಲು ಇನ್ನೂ ಒದ್ದೆಯಾಗಿತ್ತು. ಅದು ಈಗಷ್ಟೇ ಹೊರಳಿದೆ! ಹೈಮವತಿ ಅದನ್ನು ಕಂಡಳು. ಕಂಡೂ, “ಹೊರಳಿದ್ದೀಯೆ. ಆದರೆ ನನಗೆ ಗೊತ್ತಿಲ್ಲ,” ಎಂದಳು.

ಸರ್ಪ ಬಾಯಿ ತೆರೆಯಿತು. ಅದರ ಉಸಿರು ಅವಳ ಮುಖಕ್ಕೆ ಬಡಿಯಿತು. “ಇದು ಸುಳ್ಳು,” ಎಂದಿತು. “ಎರಡು ಸಲ ಆ ಮಾತು ನಿನ್ನನ್ನು ಉಳಿಸಿತೆಂದು ಮೂರನೆಯ ಸಲವೂ ಅದರ ಹಿಂದೆ ಅಡಗಿಕೊಳ್ಳುತ್ತೀಯಾ? ಎಲ್ಲವನ್ನೂ ನೋಡಿದವಳಿಗೆ ಗೊತ್ತಿಲ್ಲ ಎನ್ನುವ ಹಕ್ಕಿಲ್ಲ. ತಪ್ಪಿದರೆ ಜನ ನಗುತ್ತಾರೆಂದು ಹೆದರಿಕೆಯೇ?”

ಹೈಮವತಿಯ ಕೆನ್ನೆ ಕೆಂಪಾಯಿತು. ಹೌದು, ಅದೇ ಹೆದರಿಕೆ. ಅವಳು ಬೆನ್ನು ನೇರ ಮಾಡಿ ನಿಂತಳು. “ಬರುತ್ತದೆ. ತಪ್ಪಿದರೂ ತಪ್ಪಬಹುದು. ಆದರೆ ನನ್ನ ಚಿಪ್ಪು ಕರಿ.”

“ಹಾಗಾದರೆ ಬೇಗ ಹೋಗು,” ಎಂದಿತು ಸರ್ಪ, ಕಣ್ಣು ಮುಚ್ಚಿಕೊಂಡಿತು.

ಹಕ್ಕಿ ಅವಳನ್ನು ಶಂಖಾವತಿಯ ಮರಳಿನ ಮೇಲೆ ಇಳಿಸಿದಾಗ ಹಬ್ಬದ ಡೋಲು ಬಡಿಯುತ್ತಿತ್ತು. ಚಿತ್ರಸೇನ ಮೊದಲ ದೋಣಿಯ ಮುಂತುದಿಯಲ್ಲಿ ಹಾರ ಹಾಕಿಕೊಂಡು ನಿಂತಿದ್ದ. ಮೋಹಾಕ್ಷ ಕನ್ನಡಿ ಎತ್ತಿ ಹಿಡಿದಿದ್ದ.

“ತಮ್ಮ, ಇಳಿ! ಕಡಲು ಕುದಿಯುತ್ತಿದೆ. ಚಂಡಮಾರುತ ಬರುತ್ತದೆ.”

“ಖಂಡಿತವಾಗಿ ಬರುತ್ತದೆಯೇ, ಅಮ್ಮಣ್ಣಿಯವರೆ?” ಎಂದ ಮೋಹಾಕ್ಷ, ನಯವಾಗಿ.

“ಖಂಡಿತ ಎನ್ನಲಾರೆ. ಬರುವ ಸಂಭವವೇ ಹೆಚ್ಚು.”

“ಕೇಳಿದಿರಾ! ಖಂಡಿತವಿಲ್ಲವಂತೆ!” ಎಂದ ಅವನು. ಜನ ಗೊಳ್ಳೆಂದು ನಕ್ಕರು.

“ಅಕ್ಕ, ಊರಿನವರ ಮುಂದೆ ನನ್ನ ಮರ್ಯಾದೆ ತೆಗೆಯಬೇಡ,” ಎಂದ ಚಿತ್ರಸೇನ ಮೆಲ್ಲಗೆ.

“ತೆಗೆಯುವುದಿಲ್ಲ. ನನ್ನದೊಂದೇ ಬೇಡಿಕೆ. ಕನ್ನಡಿಯನ್ನು ಋತುಮಂದಿರದ ಕ್ರಮದಂತೆ ನೋಡಿ. ಒಬ್ಬೊಬ್ಬರಾಗಿ ಬನ್ನಿ. ಮಾತಾಡಕೂಡದು. ನೋಡಿದವರು ಬೆನ್ನು ತಿರುಗಿಸಿ ನಿಲ್ಲಿ. ನಾಳೆ ಹವೆ ಹೇಗಿರುತ್ತದೆ ಎಂಬುದನ್ನು ಆಮೇಲೆ ಹೇಳಿ.”

ಅದರಲ್ಲೇನು ತಪ್ಪೆಂದು ಜನ ಒಪ್ಪಿದರು. ಮೋಹಾಕ್ಷನ ನಗು ಮಾತ್ರ ಸಣ್ಣದಾಯಿತು.

ಉಪ್ಪಿನ ಆಗರದ ಮಂಜಯ್ಯ ಹೇಳಿದ: “ನಾಳೆ ಸುಡು ಬಿಸಿಲು. ಮೋಡದ ಚೂರೂ ಇಲ್ಲ.”

ಗದ್ದೆಯ ದೇವಕ್ಕ ಹೇಳಿದಳು: “ಬಿಸಿಲೇ? ನಿನ್ನ ಕಣ್ಣಿಗೇನಾಗಿದೆ! ನಾಳೆ ಇಡೀ ದಿನ ಜಿನುಗುಮಳೆ. ನನ್ನ ಭತ್ತ ತಲೆಯೆತ್ತಿ ನಿಂತದ್ದನ್ನು ಕಂಡೆ.”

ಮೀನು ಮಾರುವ ಸುಕ್ರಿ ಹೇಳಿದಳು: “ಮಳೆಯೂ ಇಲ್ಲ, ಬಿಸಿಲೂ ಇಲ್ಲ. ತಂಪು ಮೋಡ, ಹದವಾದ ತೆಂಕಣ ಗಾಳಿ. ನಮ್ಮವರ ದೋಣಿ ಮೀನು ತುಂಬಿಕೊಂಡು ಬಂತು.”

ಮೊದಲು ಜನ ನಕ್ಕರು. ಆಮೇಲೆ ನಗು ನಿಂತಿತು. ಒಂದೇ ಕನ್ನಡಿ, ಒಂದೇ ನಾಳೆ, ಮೂವರಿಗೆ ಮೂರು ಹವೆ!

“ತಮ್ಮ,” ಎಂದಳು ಹೈಮವತಿ, “ನೀನು ಏನು ಕಂಡೆ?”

ಚಿತ್ರಸೇನ ಹೇಳಿದ: “ಅಪ್ಪಾಜಿ ದಂಡೆಯಲ್ಲಿ ನಿಂತಿದ್ದರು. ನನ್ನ ದೋಣಿ ನೋಡಿ ಕೈ ಬೀಸಿದರು. ಪ್ರತಿ ಸಲವೂ ಅದೇ ಕಾಣುತ್ತದೆ ಅಕ್ಕ. ಅದಕ್ಕೇ ಪ್ರತಿ ಸಲವೂ ನೋಡುತ್ತೇನೆ.”

ಕನ್ನಡಿಯ ಅಂಚು ಹೈಮವತಿಯ ಕಣ್ಣಿನ ಕೊನೆಯಲ್ಲೇ ಹೊಳೆಯುತ್ತಿತ್ತು. ತಿರುಗಿ ನೋಡಿದರೆ ತನಗೆ ಏನು ಕಾಣುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಏಳು ಬಾಗಿಲೂ ತೆರೆದ ಮನೆ, ನೆಟ್ಟಗೆ ಕುಳಿತ ಅತ್ತೆ, ಅವಳ ಪಕ್ಕದಲ್ಲಿ ಎರಡು ಜಡೆಯ ಹುಡುಗಿ. ಅವಳು ತಿರುಗಲಿಲ್ಲ. ಕಡಲನ್ನೇ ನೋಡಿದಳು.

ಚಿತ್ರಸೇನ ಹಾರ ತೆಗೆದಿಟ್ಟು ದೋಣಿಯಿಂದ ಇಳಿದ. “ಮುಚ್ಚು ಅದನ್ನು,” ಎಂದ ಮೋಹಾಕ್ಷನಿಗೆ. ಯಾರೂ ನೋಡಬಯಸದ ಕನ್ನಡಿ ಕ್ಷಣದಲ್ಲೇ ಮಸುಕಾಗಿ, ಬಿರಿದು, ಮರಳಾಗಿ ಉದುರಿತು. ಜನರ ಆಸೆಯನ್ನು ತಿಂದೇ ಬದುಕಿದ್ದ ಮೋಹಾಕ್ಷನಿಗೆ ಇನ್ನು ತಿನ್ನಲು ಏನೂ ಉಳಿಯಲಿಲ್ಲ. ಅವನು ಮಂಜಿನಂತೆ ತೆಳುವಾಗಿ ಬಿಸಿಲಿಗೆ ಆರಿಹೋದ.

ಅದೇ ಹೊತ್ತಿಗೆ ಬಂಡೆಯ ಮೇಲಿನಿಂದ ಗಲಾಟೆ ಕೇಳಿಸಿತು. ನೋಟಗಾರರಿಗೆ ಅವರವರ ದನಿ ಮರಳಿ ಬಂದಿತ್ತು. ಬಂದದ್ದೇ ತಡ, ನನ್ನ ಬಾಗಿಲು ತೆಗೆ, ನಿನ್ನ ಕಾಲು ಮಡಚು ಎಂದು ಜಗಳ ಹತ್ತಿಕೊಂಡಿತ್ತು. ಶಂಖಾವತಿಯ ಜನ ಅಷ್ಟು ಇಂಪಾದ ಜಗಳವನ್ನು ಎಂದೂ ಕೇಳಿರಲಿಲ್ಲ. ಬಾಗಿಲುಗಳು ಧಡಧಡನೆ ತೆರೆದುಕೊಂಡವು. ಚಿಪ್ಪುಗಳು ಕೊಡಕ್ಕೆ ಬಿದ್ದವು. ಡಂಗುರದವನು ಉಸಿರು ಬಿಗಿಹಿಡಿದು ಓಡಿ ಬಂದ: “ಏಳರಲ್ಲಿ ಆರು ಕರಿ! ಕೇಳಿರಪ್ಪೋ, ಏಳರಲ್ಲಿ ಆರು!”

ಐಸಾ ಐಸಾ ಎನ್ನುತ್ತ ಜನ ದೋಣಿಗಳನ್ನೆಲ್ಲ ದಂಡೆಯ ಎತ್ತರಕ್ಕೆ ಎಳೆದರು. ಮುದುಕರನ್ನೂ ಮಕ್ಕಳನ್ನೂ ದನಕರುಗಳನ್ನೂ ಅರಮನೆಯೊಳಗೆ ಸೇರಿಸಿಕೊಂಡರು. ಮರುದಿನ ಚಂಡಮಾರುತ ಬಂತು. ತೆಂಗಿನ ಮರಗಳು ಮಲಗಿದವು, ಮಾಡುಗಳು ಹಾರಿದವು, ಮಂಜಯ್ಯನ ಉಪ್ಪೆಲ್ಲ ಕರಗಿಹೋಯಿತು. ಆದರೆ ಒಂದು ಜೀವವೂ ಹೋಗಲಿಲ್ಲ. ಬಡಗಣ ಬಾಗಿಲಿನ ಮುದುಕ ಪದ್ಮರಸ ಮಾತ್ರ, “ಏನೇ ಆಗಲಿ, ನನ್ನ ಬಾಗಿಲಿಗೆ ಕಂಡದ್ದು ಬಿಳಿಯೇ,” ಎಂದು ಹಟ ಹಿಡಿದ. ಅಚ್ಯುತಾಂಬೆ ಅವನನ್ನು ಬೈಯಲಿಲ್ಲ. ಕಂಡದ್ದನ್ನು ಹೇಳಿದ್ದಕ್ಕಾಗಿ ಅವನ ಎಲೆಗೆ ಇನ್ನೊಂದು ಸೌಟು ಪಾಯಸ ಬಡಿಸಿದಳು.

ಗಾಳಿ ನಿಂತ ಮೇಲೆ ಅಕ್ಕ ತಮ್ಮ ಇಬ್ಬರೂ ಒದ್ದೆ ಮರಳಿನ ಮೇಲೆ ಕುಳಿತಿದ್ದರು. ಹವಳದ ದಿಬ್ಬ ಇದ್ದ ಕಡೆ ಈಗ ಬರಿಯ ನೀರು. ಚಿತ್ರಸೇನ ಕೇಳಿದ:

“ಅಕ್ಕ, ನೀನು ಅಷ್ಟು ಹೇಳಿದ ಮೇಲೂ ಚಂಡಮಾರುತ ಬಾರದೇ ಹೋಗಿದ್ದರೆ?”

“ನೀನು ನನ್ನನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದೆ.”

“ಖಂಡಿತ ಬೈಯುತ್ತಿದ್ದೆ.”

“ಬೈದರೇನಂತೆ ಬಿಡು,” ಎಂದಳು ಹೈಮವತಿ. “ಬೈಯುವುದಕ್ಕೆ ನನ್ನ ತಮ್ಮ ಇರುತ್ತಿದ್ದನಲ್ಲ.”

ಆಮೇಲೆ ಶಂಖಾವತಿಯಲ್ಲಿ ಎಷ್ಟೋ ಮಳೆಗಾಲಗಳು ಬಂದವು, ಹೋದವು. ಕೆಲವು ಸಲ ನೋಟಗಾರರ ಮಾತು ನಿಜವಾಯಿತು, ಕೆಲವು ಸಲ ಸುಳ್ಳಾಯಿತು. ಜನ ಹೊಗಳಿದರು, ಗೊಣಗಿದರು, ದೋಣಿ ಇಳಿಸಿದರು, ದೋಣಿ ಎಳೆದರು, ಮುಪ್ಪಾಗುವವರೆಗೂ ಮನೆ ತುಂಬ ಬಾಳಿದರು.