ಹೂವಿ ತಂದ ಕ್ಯಾನು

"ಇದೆಂಥದೇ ಹೂವಿ? ಸ್ಕೂಲಲ್ಲಿ ಹಾಲು ಕರೆಯಕ್ಕೆ ಬಂದ್ಯಾ?"

ಮಾಸ್ತಪ್ಪ ಕೇಳಿದ್ದೇ ತಡ, ಐದನೇ ಕ್ಲಾಸಿಗೆ ಕ್ಲಾಸೇ ಗೊಳ್ಳೆಂದು ನಕ್ಕಿತು. ಹೂವಿಯ ಕೈಯಲ್ಲಿ ಖಾಲಿ ಹಾಲಿನ ಕ್ಯಾನು. ಹೊಸನಗರದ ಮುಕುಂದಯ್ಯನವರ ಹೋಟೆಲಿಗೆ ಅಮ್ಮ ಹಾಲು ಹಾಕುವ ಕ್ಯಾನು ಅದು. "ಸಂಜೆ ಹಾಲಿಗೆ ಬೇಕು, ಮರೆತು ಬಂದ್ರೆ ನೋಡು!" ಎಂದು ಗದರಿಸಿಯೇ ಅಮ್ಮ ಕೊಟ್ಟಿದ್ದಳು.

ಟೀಚರ್ ಮೇಜಿನ ಮೇಲೆ ಉಳಿದವರು ತಂದದ್ದೆಲ್ಲ ಆಗಲೇ ಕೂತಿತ್ತು. ಅನಾನಸ್, ಹಲಸಿನ ಹಪ್ಪಳ, ಒಂದು ಚಿಪ್ಪು ಬಾಳೆಹಣ್ಣು, ಹೊಸ ಟವೆಲ್. ಎಲ್ಲವೂ ಗಿರಿಯಪ್ಪಣ್ಣನಿಗೆ.

ಗಿರಿಯಪ್ಪಣ್ಣ ಸ್ಕೂಲಿನ ಜವಾನರು. ಬೆಲ್ ಹೊಡೆಯುವವರು ಅವರೇ, ಬಾವಿಯಿಂದ ನೀರು ಸೇದಿ ಕುಡಿಯುವ ನೀರಿನ ಹಂಡೆ ತುಂಬಿಸುವವರೂ ಅವರೇ. ಇವತ್ತು ಅವರಿಗೆ ರಿಟೈರ್‌ಮೆಂಟು.

ಎಡವಟ್ಟಾಗಿದ್ದು ನಿನ್ನೆ. "ನಾಳೆ ಗಿರಿಯಪ್ಪನಿಗೆ..." ಎಂದು ವರದಮ್ಮ ಟೀಚರ್ ಶುರುಮಾಡುವಷ್ಟರಲ್ಲಿ ಗಿರಿಯಪ್ಪಣ್ಣನೇ ಬಾಗಿಲಿಗೆ ಬಂದುಬಿಟ್ಟರು. ಗುಟ್ಟು ರಟ್ಟಾಗಬಾರದಲ್ಲ! ಟೀಚರ್ ಥಟ್ಟನೆ ಇಂಗ್ಲಿಷಿಗೆ ಹಾರಿದರು. "ಯು ಮೇ ಬ್ರಿಂಗ್ ವಾಟೆವರ್ ಯು ಕ್ಯಾನ್."

"ಎಸ್ ಟೀಚರ್!" ಎಂದು ಎಲ್ಲರೂ ಕೂಗಿದರು. ಅರ್ಥವಾದವರು ಎಷ್ಟು ಜನವೋ ದೇವರಿಗೇ ಗೊತ್ತು. ಉಳಿದವರು ಮನೆಯಲ್ಲಿ ಅಕ್ಕ ಅಣ್ಣಂದಿರನ್ನು ಕೇಳಿಕೊಂಡರು. ಹೂವಿ ಕೇಳಲಿಲ್ಲ. ಬ್ರಿಂಗ್ ಅಂದರೆ ತಾ. ವಾಟರ್ ಅಂದರೆ ನೀರು. ಕ್ಯಾನು ಮನೆಯಲ್ಲೇ ಇದೆ. ನಡುವೆ ಮೇ ತಿಂಗಳು ಯಾಕೆ ಬಂತು ಎಂಬುದೊಂದೇ ಅವಳಿಗೆ ತಿಳಿಯಲಿಲ್ಲ.

"ನೀವೇ ಹೇಳಿದ್ರಲ್ಲ ಟೀಚರ್, ವಾಟರ್ ಕ್ಯಾನ್ ಅಂತ" ಎಂದಳು ಹೂವಿ, ಮೆಲ್ಲಗೆ.

ಟೀಚರಿಗೂ ನಗು ಬಂತು. ಹೂವಿಯ ಮುಖ ನೋಡಿ ತಡೆದುಕೊಂಡರು. "ವಾಟರ್ ಅಲ್ಲ ಮಾರಾಯ್ತಿ, ವಾಟೆವರ್. ಯಾವುದಾದ್ರೂ ಸರಿ ಅಂತ. ವಾಟೆವರ್ ಯು ಕ್ಯಾನ್ ಅಂದ್ರೆ ನಿನ್ನ ಕೈಲಾದದ್ದು."

"ಹಂಗಾದ್ರೆ ನಾನು ಏನೂ ತಂದಿಲ್ಲ..."

"ತರದಿದ್ರೂ ಪರವಾಗಿಲ್ಲ. ನಾನು ಮೇ ಅಂದಿದ್ದೆ, ಮಸ್ಟ್ ಅಂದಿರ್ಲಿಲ್ಲ. ಮೇ ಅಂದ್ರೆ ತರಬಹುದು. ಮಸ್ಟ್ ಅಂದಿದ್ರೆ ತರಲೇಬೇಕಿತ್ತು."

ಹೂವಿಗೆ ಅಳು ಬಂತು. ಎಲ್ಲರೂ ನಕ್ಕರೆಂದಲ್ಲ. ಮೂರನೇ ಕ್ಲಾಸಿನಲ್ಲಿದ್ದಾಗ ಅವಳಿಗೆ ಸ್ಕೂಲಿನಲ್ಲೇ ಜ್ವರ ಬಂದಿತ್ತು. ಅವತ್ತು ಗಿರಿಯಪ್ಪಣ್ಣ ತಮ್ಮ ಕಂಬಳಿ ಹೊದೆಸಿ, ಹೆಗಲ ಮೇಲೆ ಹೊತ್ತು ಮನೆ ಮುಟ್ಟಿಸಿದ್ದರು. ಅವರಿಗೆ ಬರಿಗೈಯಲ್ಲಿ ಹೇಗೆ ಟಾಟಾ ಮಾಡುವುದು? ಟೀಚರ್ ಮೇ ಅಂದಿರಬಹುದು. ಹೂವಿಗೆ ಅದು ಮಸ್ಟ್.

ಕೈಲಾದದ್ದು. ಅವಳು ತನ್ನ ಕೈ ನೋಡಿಕೊಂಡಳು, ಕ್ಯಾನು ನೋಡಿದಳು.

"ಟೀಚರ್, ಗಿರಿಯಪ್ಪಣ್ಣ ಎಲ್ಲಿ?"

"ಟಪಾಲು ತರೋಕೆ ಪೋಸ್ಟಾಫೀಸಿಗೆ ಹೋಗಿದಾರೆ. ಯಾಕೆ?"

"ಬಾವಿ ಹತ್ರ ಹೋಗ್ಲಾ?"

ಟೀಚರ್ ಒಂದು ಕ್ಷಣ ಅವಳನ್ನೇ ನೋಡಿದರು. "ಯು ಮೇ" ಎಂದರು.

ನೀರು ಸೇದುವುದು ಇಷ್ಟು ಕಷ್ಟವೆಂದು ಹೂವಿಗೆ ಗೊತ್ತಿರಲಿಲ್ಲ. ಹಗ್ಗ ಅಂಗೈ ಉಜ್ಜಿತು. ಕ್ಯಾನು ಹೊತ್ತು ತರುವಾಗ ಲಂಗವೆಲ್ಲ ಒದ್ದೆ. ಇದನ್ನು ಗಿರಿಯಪ್ಪಣ್ಣ ದಿನಾ ಮಾಡುತ್ತಿದ್ದರಲ್ಲ! ಹಂಡೆ ಅರ್ಧವಾಗುವಷ್ಟರಲ್ಲಿ ಮಾಸ್ತಪ್ಪ ಓಡಿ ಬಂದ.

"ಸರಿ ಬಿಡೇ, ಅಳ್ಬೇಡ. ಹಗ್ಗ ನಾನು ಎಳೀತೀನಿ, ನೀ ಹೊತ್ಕಂಡು ಹೋಗು."

ಗಿರಿಯಪ್ಪಣ್ಣ ಟಪಾಲು ಕೊಟ್ಟು, ಎಂದಿನಂತೆ ಕೊಡ ಹಿಡಿದು ಹಂಡೆಯ ಹತ್ತಿರ ಬಂದರು. ಮುಚ್ಚಳ ತೆಗೆದರೆ ಹಂಡೆ ತುಂಬಿ ತುಳುಕುತ್ತಿದೆ!

"ಯಾರು ಮಾರಾಯ್ರೆ ತುಂಬ್ಸಿದ್ದು?"

ಹೂವಿ ಲೋಟದ ತುಂಬ ನೀರು ತಂದು ಎರಡೂ ಕೈಯಲ್ಲಿ ಹಿಡಿದಳು. "ಕೂತ್ಕಳಿ ಗಿರಿಯಪ್ಪಣ್ಣ. ಇವತ್ತು ನೀವು ಕುಡೀರಿ."

ಅವರು ಮೆಟ್ಟಿಲ ಮೇಲೆ ಕೂತರು. ಈ ಸ್ಕೂಲಿನಲ್ಲಿ ಅವರಿಗೆ ನೀರು ತಂದುಕೊಟ್ಟವರು ಇದುವರೆಗೆ ಯಾರೂ ಇರಲಿಲ್ಲ. ನಿಧಾನವಾಗಿ ಕುಡಿದರು. ಹೆಗಲ ಮೇಲಿನ ಬಟ್ಟೆಯಲ್ಲಿ ಬಾಯಿ ಒರೆಸಿಕೊಂಡರು. ಆಮೇಲೆ ಕಣ್ಣನ್ನೂ ಒರೆಸಿಕೊಂಡರು.

"ಇನ್ನೊಂದು ಲೋಟ ಕೊಡ್ತೀಯಾ ಮಗಾ?"

ಹೂವಿಯ ಅಂಗೈ ಕೆಂಪಾಗಿ ಉರಿಯುತ್ತಿತ್ತು. ಆ ಕೈಯಲ್ಲೇ ಲೋಟ ಇಸಿದುಕೊಂಡು ಅವಳು ಹಂಡೆಯ ಹತ್ತಿರ ಓಡಿದಳು.